ನಮ್ಮ ಬಸ್ಸಿಗೆ ನಾಲ್ಕು ಕಾಲು ಬಂದದ್ದು

ನನ್ನ ಹೆಂಡತಿ ನನ್ನನ್ನು ಕಟ್ಟಿಕೊಂಡು ಚಳ್ಳಕೆರೆಗೆ ಬಂದು ಮೂವತ್ತನಾಲ್ಕು ವರ್ಷ. ಅಷ್ಟೂ ವರ್ಷ ಅವಳು ನಮ್ಮ ಮನೆಯ ನಡುಮನೆಯಲ್ಲಿ ಬಿಟ್ಟು ಬೇರೆಲ್ಲೂ ಕಣ್ಣು ಮುಚ್ಚಿದವಳಲ್ಲ. ತಿರುಪತಿಗೆ ಹೋದಾಗ ಛತ್ರದ ವರಾಂಡದಲ್ಲಿ ಬೆಳಗಿನವರೆಗೂ ಕಂಬದ ಹಾಗೆ ಕೂತಿದ್ದಳು. ನಿದ್ದೆಗೆಟ್ಟ ಮರುದಿನ ಅವಳಿಗೆ ತಲೆ ಸುತ್ತು, ವಾಂತಿ. ತಲೆಗೊಂದು ಬಟ್ಟೆ ಬಿಗಿದುಕೊಂಡು ಯಾರ ಮಾತಿಗೂ ಉತ್ತರ ಕೊಡದೆ ಬಿದ್ದುಕೊಳ್ಳುತ್ತಾಳೆ. ಡಾಕ್ಟರು ಗುಳಿಗೆ ಕೊಟ್ಟರು, ನಮ್ಮತ್ತೆ ತಾಯಿತ ಕಟ್ಟಿಸಿದರು. ಎರಡೂ ಕೆಲಸ ಮಾಡಲಿಲ್ಲ. ಅವಳು ಕಂಡುಕೊಂಡ ಕಾರಣ ಬೇರೆಯೇ ಇತ್ತು. ಲೋಕದಲ್ಲಿ ನಮ್ಮ ಮನೆಯ ನೆಲವೊಂದೇ ಸಮ, ಉಳಿದವರದ್ದೆಲ್ಲ ಸೊಟ್ಟ, ಸೊಟ್ಟ ನೆಲದ ಮೇಲೆ ಚಾಪೆ ಹಾಸಿದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ ಅನ್ನುವುದು ಅವಳ ವಾದ. ಮಂಚದ ಮೇಲೆ ಮಲಗು ಅಂದರೆ, ಮಂಚ ನಿಂತಿರುವುದು ಯಾವುದರ ಮೇಲೆ ಅಂತ ನನ್ನನ್ನೇ ಕೇಳುತ್ತಿದ್ದಳು.

ಇದನ್ನು ತಮಾಷೆ ಅಂತಲೇ ಬಿಟ್ಟುಬಿಡಬಹುದಿತ್ತು. ಆದರೆ ಇದರಿಂದ ಒಂದು ದೊಡ್ಡ ಅನಾಹುತ ಆಗಿಹೋಗಿತ್ತು. ಮೊಳಕಾಲ್ಮುರಿನಲ್ಲಿ ಅವಳ ತಂಗಿಯ ಮದುವೆ. ಗಂಡಿನ ಮನೆಯಲ್ಲಿ ರೇಷ್ಮೆ ಸೀರೆ ನೇಯುತ್ತಾರೆ, ಮುಹೂರ್ತ ಕೋಳಿ ಕೂಗೋ ಹೊತ್ತಿಗೆ. ಹಿಂದಿನ ಸಂಜೆ ನನ್ನ ಹೆಂಡತಿ, ಮನೆಗೆ ಹೋಗಿ ಮಲಗಿ ಮೊದಲ ಬಸ್ಸಿಗೇ ಬಂದುಬಿಡ್ತೀನಿ ಅಂತ ಕೊನೆಯ ಬಸ್ಸು ಹತ್ತಿದಳು. ಮೊದಲ ಬಸ್ಸು ತಳುಕಿನ ಹತ್ತಿರ ಕೆಟ್ಟು ನಿಂತಿತು. ಇವಳು ಮದುವೆ ಮನೆ ಸೇರುವಾಗ ತಾಳಿ ಕಟ್ಟಿ ಮುಗಿದು, ಜನ ಉಪ್ಪಿಟ್ಟಿನ ಎಲೆ ಎತ್ತುತ್ತಿದ್ದರು. ತಂಗಿ ಜಗಳವಾಡಲಿಲ್ಲ. ಮದುಮಗಳು ಸಿಹಿ ಬಡಿಸುವ ಶಾಸ್ತ್ರದಲ್ಲಿ, "ಇನ್ನೊಂಚೂರು ಹಾಕ್ಲೇನ್ರಿ?" ಅಂತ ಕೇಳಿದಳಂತೆ, ಅಕ್ಕನಿಗೆ 'ರಿ' ಹಚ್ಚಿ. ಆ 'ರಿ'ಯನ್ನು ಇವಳು ಇವತ್ತಿಗೂ ಮರೆತಿಲ್ಲ.

ಈಗ ಆ ತಂಗಿಯ ಮಗಳ ಮದುವೆ ಗೊತ್ತಾಯಿತು. ಮತ್ತೆ ನಸುಕಿನ ಮುಹೂರ್ತ. ತಂಗಿ ಫೋನು ಮಾಡಿ ಒಂದೇ ಮಾತು ಹೇಳಿದಳು. "ಅಕ್ಕಾ, ಈ ಸಲಾನೂ ಸಂಜೆ ಬಸ್ಸು ಹತ್ತೋದಾದ್ರೆ ಬರ್ಲೇಬೇಡ." ನನ್ನ ಹೆಂಡತಿ ಫೋನು ಕೆಳಗಿಟ್ಟು, ಆರಿಸಿಟ್ಟ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸತೊಡಗಿದಳು. ನಾನು ನೋಡುತ್ತಿದ್ದ ಹಾಗೇ ಮೂರು ಸಲ ಆರಿಸಿದಳು.

ನಾನು ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದವನು. ಸರ್ವಿಸಿನುದ್ದಕ್ಕೂ ಮಕ್ಕಳ ಕೈಯಲ್ಲಿ ರಟ್ಟಿನ ಮನೆ ಕಟ್ಟಿಸಿದವನಿಗೆ ಒಂದು ನಿಜವಾದ ಮನೆ ಮಾಡಲು ಬಾರದೇ ಅಂತ ನನ್ನ ಸೊಕ್ಕು. ಯಾವುದೋ ಸ್ಕೂಲಿನವರು ಮಾರಿದ ಹಳೇ ಮಿನಿಬಸ್ಸು ತಂದೆ. ಸೀಟು ಕಿತ್ತು ಹಲಗೆಯ ನೆಲ ಹಾಕಿ, ಒಂದು ಒಲೆ, ಒಂದು ನಲ್ಲಿ, ಕಿಟಕಿಗಳಿಗೆ ಅವಳದೇ ಹಳೇ ಸೀರೆಯ ಪರದೆ ಮಾಡಿದೆ. ನೀನು ಹೋದಲ್ಲೆಲ್ಲ ನಿನ್ನ ಮನೆಯೇ ಹಿಂದೆ ಬರುತ್ತದೆ, ಇನ್ನೇನು ಬೇಕು ಅಂತ ಕೇಳಿದೆ. ಅವಳು ಒಳಗೆ ಹತ್ತಿ, ಹಲಗೆಯ ಮೇಲೆ ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆದು ನೋಡಿ ಇಳಿದಳು.

"ಬರ್ತೀನಿ. ಆದ್ರೆ ನಮ್ಮನೆ ನೆಲದಂಗೆ ಸಮ ಇರ್ಬೇಕು. ಲೋಟದ ತುಂಬ ನೀರು ಇಟ್ರೆ ಒಂದು ಹನಿ ಚೆಲ್ಬಾರ್ದು."

ನಾನು ಹೂಂ ಅಂದುಬಿಟ್ಟೆ. ಆಗ ತಂಗಿಯ ಮನೆಯ ಬೀದಿ ನನಗೆ ನೆನಪಾಗಿರಲಿಲ್ಲ. ಬೆಟ್ಟದ ಬುಡದ ಬೀದಿ ಅದು. ಅಲ್ಲಿ ಕೈಜಾರಿದ ನಿಂಬೆಹಣ್ಣನ್ನು ಬಸ್‌ಸ್ಟ್ಯಾಂಡಿನಲ್ಲಿ ಹುಡುಕಬೇಕು.

ಮೊದಲು ನಮ್ಮ ಅಂಗಳದ ಇಳಿಜಾರಿನಲ್ಲೇ ಚಕ್ರದ ಕೆಳಗೆ ಇಟ್ಟಿಗೆ ಕೊಟ್ಟು ನೋಡಿದೆ. ಇಟ್ಟಿಗೆ ಪುಡಿಯಾಯಿತು. ಕಡಪ ಕಲ್ಲಿನ ತುಂಡು ಕೊಟ್ಟೆ, ಅದು ಸಿಡಿದು ಪಕ್ಕದ ಮನೆಯ ತುಳಸಿಕಟ್ಟೆಗೆ ಬಿತ್ತು. ಆಮೇಲೆ ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಅಜ್ಜ, ನನ್ನದೇ ವಯಸ್ಸು, ಮನೆಯಂಥ ಬಸ್ಸನ್ನು ತಂದು ನಿಲ್ಲಿಸಿ ಒಂದು ಗುಂಡಿ ಒತ್ತುತ್ತಾನೆ. ಬಸ್ಸಿನ ಹೊಟ್ಟೆಯ ಕೆಳಗಿನಿಂದ ನಾಲ್ಕು ಕಬ್ಬಿಣದ ಕಾಲು ಇಳಿದು, ನೆಲ ಒತ್ತಿ, ಬಸ್ಸನ್ನು ಸಮ ಮಾಡಿಬಿಡುತ್ತವೆ. ಎಣ್ಣೆಯ ಒತ್ತಡದಲ್ಲಿ ಏಳುವ ಹೈಡ್ರಾಲಿಕ್ ಜಾಕು. ತಾನೇ ಕೂರಿಸಿದ್ದು ಅಂತ ಬೇರೆ ಹೇಳಿದ. ಅಷ್ಟು ಸಾಕಾಯಿತು, ನನಗೆ ಹುಚ್ಚು ನೆತ್ತಿಗೇರಿತು.

ನಮ್ಮೂರಿನಲ್ಲಿ ಹೈಡ್ರಾಲಿಕ್ ಜಾಕು ಅಂದರೆ ಟ್ರ್ಯಾಕ್ಟರ್ ಟ್ರಾಲಿ ಎತ್ತಿ ಮಣ್ಣು ಸುರಿಯುವ ಜಾಕು. ಟ್ರಾಲಿ ಮಾಡುವ ಸಾಹೇಬರೊಬ್ಬರು ನನಗೆ ಹಳೇ ಸ್ನೇಹಿತರು. ವರ್ಕ್‌ಶಾಪಿನ ಹಿಂದಿನ ಗುಜರಿ ರಾಶಿಯಿಂದ ನಾಲ್ಕು ಸಣ್ಣ ಜಾಕು ಹುಡುಕಿ, ಎಣ್ಣೆ ಸೋರದ ಹಾಗೆ ಹೊಸ ರಬ್ಬರ್ ವಾಷರ್ ಹಾಕಿಕೊಟ್ಟರು. ಕೊಡುವಾಗ ಗಡ್ಡ ಸವರಿಕೊಂಡು ಒಂದು ಮಾತು ಹೇಳಿದರು. "ಮೇಷ್ಟ್ರೇ, ಇದು ಸುರಿಯೋ ಸಾಮಾನು. ಮಲಗಿಸೋ ಸಾಮಾನಲ್ಲ. ಖಯಾಲ್ ಇರ್ಲಿ." ನಾನು ನಕ್ಕು ಜಾಕುಗಳನ್ನು ಕೈಗಾಡಿಗೆ ಏರಿಸಿದೆ.

ಕೂರಿಸುವ ಕೆಲಸ ನಾನೊಬ್ಬನೇ ಮಾಡಿದೆ. ಬಸ್ಸಿನ ತಳದ ಚೌಕಟ್ಟಾದ ಚಾಸಿಗೆ ವೆಲ್ಡಿಂಗ್ ಮಾಡಿದರೆ ಕಬ್ಬಿಣ ಸುಟ್ಟು ಬಲ ಕಳೆದುಕೊಳ್ಳುತ್ತದೆ, ತೂತು ಕೊರೆದು ಬೋಲ್ಟನ್ನೇ ಹಾಕಿ ಅಂತ ಸಾಹೇಬರು ಕಟ್ಟುನಿಟ್ಟಾಗಿ ಹೇಳಿದ್ದರು. ಒಂದು ಜಾಕಿಗೆ ಆರು ತೂತು. ಬಸ್ಸಿನ ಕೆಳಗೆ ಅಂಗಾತ ಮಲಗಿ, ಡ್ರಿಲ್ ಎದೆಗೆ ಒತ್ತಿಕೊಂಡು ಕೊರೆಯಬೇಕು. ಕಬ್ಬಿಣದ ಪುಡಿ ಕಣ್ಣಿಗೆ, ಹಳೇ ಗ್ರೀಸು ಬಾಯಿಗೆ. ಮೊದಲ ತೂತು ಬೀಳುವಷ್ಟರಲ್ಲಿ ಎರಡು ದಿನ ಹೋಯಿತು, ಡ್ರಿಲ್ಲಿನ ಬಿಟ್ಟುಗಳು ಎಷ್ಟು ಮುರಿದವೋ ಲೆಕ್ಕವಿಲ್ಲ. ಹೊರಗಿನಿಂದ ನೋಡುವವರಿಗೆ ನನ್ನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಬೀದಿಯವರು ಆ ಪಾದಗಳ ಜೊತೆಗೇ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಒಬ್ಬರು ಜಾತಕ ಕೂಡುತ್ತದೆಯೋ ಇಲ್ಲವೋ ಅಂತ ನನ್ನ ಹಿಮ್ಮಡಿಯನ್ನು ಕೇಳಿದರು. ನನ್ನ ಹಳೇ ಶಿಷ್ಯನೊಬ್ಬ, ಈಗ ಎರಡು ಮಕ್ಕಳ ತಂದೆ, ಬಂದು ಪಾದ ಮುಟ್ಟಿ ನಮಸ್ಕಾರ ಮಾಡಿ ಹೋದನಂತೆ. ಡ್ರಿಲ್ಲಿನ ಸದ್ದಿನಲ್ಲಿ ನಾನು ಇಲಿ ಅಂದುಕೊಂಡು ಒದ್ದೆ.

ನಾಲ್ಕು ಜಾಕು ಕೂತ ದಿನ ಸಾಹೇಬರು ಪರೀಕ್ಷೆಗೆ ಅಂತ ತಮ್ಮ ಟ್ರ್ಯಾಕ್ಟರ್ ತಂದರು. ಟ್ರ್ಯಾಕ್ಟರಿನ ಎಣ್ಣೆ ಪೈಪನ್ನು ಹಿಂದಿನ ಎರಡು ಜಾಕಿಗೆ ಸಿಕ್ಕಿಸಿ ಲಿವರ್ ಎಳೆದರು. ಅವರ ಕೈ ಎಷ್ಟೋ ವರ್ಷದಿಂದ ಮರಳು ತುಂಬಿದ ಟ್ರಾಲಿ ಎತ್ತಿದ ಕೈ. ಮೆಲ್ಲಗೆ ಅನ್ನುವುದು ಅದಕ್ಕೆ ಗೊತ್ತೇ ಇರಲಿಲ್ಲ. ಬಸ್ಸಿನ ಹಿಂಭಾಗ ಒಂದೇ ಏಟಿಗೆ ಎದ್ದಿತು. ಒಳಗಿದ್ದ ಒಲೆ, ಅಕ್ಕಿ ಮೂಟೆ, ಚಾಪೆ, ಹಂಡೆ ಎಲ್ಲವೂ ಡ್ರೈವರ್ ಸೀಟಿನ ಹತ್ತಿರ ರಾಶಿಯಾಗಿ ಸುರಿದವು. ಹ್ಯಾಂಡ್‌ಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು ಅನ್ನುವುದು ನನಗೆ ಹೊಳೆದದ್ದು ಆ ಚಕ್ರಗಳು ನೆಲ ಬಿಟ್ಟು ಗಾಳಿಯಲ್ಲಿ ತೂಗಿದ ಮೇಲೆ. ಬಸ್ಸು ಮುಂದಿನ ಎರಡು ಚಕ್ರದ ಮೇಲೆ, ಹಿಂದಿನ ಎರಡು ಕಾಲನ್ನು ಎಳೆದುಕೊಂಡು, ಟ್ರ್ಯಾಕ್ಟರಿನ ಪೈಪು ಕಿತ್ತುಕೊಂಡು ಅಂಗಳ ದಾಟಿ ಹೋಗಿ ಬೇವಿನ ಮರಕ್ಕೆ ಮೂತಿ ಕೊಟ್ಟು ನಿಂತಿತು. ನನ್ನ ಹೆಂಡತಿ ಜಗುಲಿಯ ಮೇಲೆ ನಿಂತು ಎಲ್ಲವನ್ನೂ ನೋಡಿದಳು. ಒಳಗೆ ಚೆಲ್ಲಿದ ಅಕ್ಕಿಯನ್ನು ಮೊರಕ್ಕೆ ಬಳಿದುಕೊಂಡು ಆರಿಸತೊಡಗಿದಳು. 

ಆಮೇಲೆ ಟ್ರ್ಯಾಕ್ಟರ್ ಬೇಡವೆಂದು ಕೈಪಂಪು ಹಾಕಿದೆ. ಒಂದು ಪಂಪು, ನಾಲ್ಕು ವಾಲ್ವು. ಯಾವ ಮೂಲೆ ಏಳಬೇಕೋ ಆ ವಾಲ್ವು ತೆಗೆದು ಪಂಪು ಒತ್ತಿದರೆ ಕೂದಲೆಳೆಯಷ್ಟು ಏಳುತ್ತದೆ. ಚಕ್ರಗಳಿಗೆ ಅಡ್ಡ ಕಲ್ಲು, ಕಾಲುಗಳ ಕೆಳಗೆ ಅಗಲವಾದ ಹಲಗೆ. ಗಾರೆಯವನೊಬ್ಬನಿಂದ ರಸಮಟ್ಟ ತಂದೆ. ಗಾಜಿನ ನಳಿಗೆಯೊಳಗಿನ ಗುಳ್ಳೆ ನಡುವೆ ನಿಂತರೆ ಸಮ, ಯಾವ ಕಡೆ ಓಡುತ್ತದೋ ಆ ಕಡೆ ಎತ್ತರ. ಗುಳ್ಳೆ ನಡುವಿಗೆ ಬರುವವರೆಗೆ ಪಂಪು ಒತ್ತಿ, ಲೋಟದ ತುಂಬ ನೀರಿಟ್ಟೆ. ಹೆಂಡತಿ ಮೊಣಕಾಲೂರಿ ಕೂತು ಲೋಟದ ಬಾಯಿಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು. ಹನಿ ಚೆಲ್ಲಲಿಲ್ಲ. ಅವತ್ತು ಸಂಜೆ ಮದುವೆಗೆ ಉಡುವ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದಳು. ನನಗೆ ಕಣ್ಣು ತುಂಬಿ ಬಂತು, ಗ್ರೀಸು ಬಿತ್ತು ಅಂತ ಒರೆಸಿಕೊಂಡೆ.

ಹೊರಡುವ ಬೆಳಿಗ್ಗೆ ಕೊನೆಯ ಸಲ ನೋಡೋಣ ಅಂತ ಪಂಪು ಒತ್ತಿದೆ. ಪೈಪು ಟಪ್ಪೆಂದು ಒಡೆದು ಎಣ್ಣೆಯೆಲ್ಲ ಅಂಗಳಕ್ಕೆ ಹೋಯಿತು. ಬೇರೆ ಪೈಪು ಇತ್ತು, ಎಣ್ಣೆ ಇರಲಿಲ್ಲ. ಗ್ರೀಸು ಎಣ್ಣೆ ಮಾರುವ ಅಂಗಡಿಯವನು ಅವತ್ತೇ ಯಾವುದೋ ನಾಮಕರಣಕ್ಕೆ ಬಾಗಿಲು ಹಾಕಿಕೊಂಡು ಹೋಗಿದ್ದ. ಜಗುಲಿಯ ಮೇಲೆ ಎರಡು ಡಬ್ಬ ಶೇಂಗಾ ಎಣ್ಣೆ ಇತ್ತು. ಮದುವೆಯ ಬೋಂಡ, ಹಪ್ಪಳ ಕರಿಯಲಿಕ್ಕೆ ತಂಗಿಗೆ ಅಂತ ನನ್ನ ಹೆಂಡತಿ ಗಾಣದಲ್ಲಿ ಎದುರು ನಿಂತು ಆಡಿಸಿ ತಂದದ್ದು. ಸಾಹೇಬರು ಊರಲ್ಲಿರಲಿಲ್ಲ, ಫೋನು ಮಾಡಿ ಕೇಳಿದೆ. ಎಣ್ಣೆ ಎಣ್ಣೆನೇ, ಆದ್ರೆ ವಾಷರ್ ಒಪ್ಪುತ್ತೋ ಇಲ್ವೋ ಅಲ್ಲಾನೇ ಬಲ್ಲ ಅಂದರು. ಎಣ್ಣೆ ಗಿರಣಿಗಳ ಊರಿನಲ್ಲಿ ಹುಟ್ಟಿದವನು ನಾನು. ಶೇಂಗಾ ಎಣ್ಣೆಯಿಂದ ಆಗದ ಕೆಲಸ ಇದೆ ಅಂತ ನನ್ನ ತಲೆಗೆ ಹೋಗುವುದೇ ಇಲ್ಲ. ಎರಡೂ ಡಬ್ಬ ಬಗ್ಗಿಸಿದೆ. ಜಾಕು ಎದ್ದವು. ಅಂಗಳಕ್ಕೆಲ್ಲ ಗಾಣದ ವಾಸನೆ ಹಬ್ಬಿತು. ಹೆಂಡತಿಗೆ ಹೇಳಲಿಲ್ಲ, ಖಾಲಿ ಡಬ್ಬಗಳನ್ನು ಬಾಯಿ ಮುಚ್ಚಿ ಬಸ್ಸಿಗೆ ಏರಿಸಿದೆ.

ಮೊಳಕಾಲ್ಮುರಿನ ಆ ಬೀದಿಯಲ್ಲಿ ನಾವು ಬಸ್ಸು ನಿಲ್ಲಿಸಿದಾಗ ಚಪ್ಪರ ಹಾಕಿ ಆಗಿತ್ತು, ಮಗ್ಗಗಳ ಸದ್ದು ನಿಂತಿತ್ತು. ಬಸ್ಸಿನ ಮೂತಿ ಉತ್ತರಕ್ಕೆ. ನಾನು ಕಾಲುಗಳನ್ನು ಇಳಿಸುತ್ತಿದ್ದಂತೆ ಬೀದಿಯೆಲ್ಲ ಸೇರಿತು. ಇದು ಯಾವ ಸ್ಕೀಮಿನ ಗಾಡಿ ಅಂತ ಒಬ್ಬರು, ಬಿಪಿ ನೋಡ್ತಾರಾ ಅಂತ ಇನ್ನೊಬ್ಬರು. ಮುದುಕಿಯೊಬ್ಬಳು ಕುಂಟುವ ಆಡು ಹಿಡಿದುಕೊಂಡು ಬಂದು ಬಾಗಿಲ ಹತ್ತಿರ ಸರದಿ ನಿಂತಳು, ಆಡಿನ ಡಾಕ್ಟರ ಗಾಡಿ ಅಂತ. ನನ್ನ ನಾದಿನಿ ಹೊಸ್ತಿಲಿಗೆ ಬಂದು ಬಸ್ಸನ್ನೂ ಅದರ ಕಾಲುಗಳನ್ನೂ ನನ್ನನ್ನೂ ಒಂದು ಸಲ ನೋಡಿ ಒಳಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ನನ್ನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಳು. ಈಗಲೇ ಒಂದು ಗಳಿಗೆ ಮಲಗಿ ನೋಡುತ್ತೇನೆ, ನಿದ್ದೆ ಹತ್ತಿದರೆ ಉಳಿಯುತ್ತೇನೆ, ಹತ್ತದಿದ್ದರೆ ಸಂಜೆ ಬಸ್ಸಿಗೆ ಹೊರಡುತ್ತೇನೆ, ಧಾರೆಯ ಹೊತ್ತಿಗೆ ವಾಂತಿ ಮಾಡಿಕೊಂಡು ಚಪ್ಪರದಲ್ಲಿ ಬಿದ್ದರೆ ಅದಕ್ಕಿಂತ ಕೆಡುಕು ಬೇರೆ ಇಲ್ಲ ಅಂದಳು.  ನಾನು ರಸಮಟ್ಟ ಇಟ್ಟೆ, ಗುಳ್ಳೆ ನಟ್ಟನಡುವೆ. ಲೋಟ ಇಟ್ಟೆ, ಹನಿ ಚೆಲ್ಲಲಿಲ್ಲ. ಅವಳು ಮನೆಯಲ್ಲಿ ಮಲಗುವ ಹಾಗೇ ದಕ್ಷಿಣಕ್ಕೆ ತಲೆ ಹಾಕಿ ಮಲಗಿದಳು.

ಅರ್ಧ ಗಂಟೆಗೆ ಎದ್ದು ಕೂತಳು. "ಸೊಟ್ಟ ಐತೆ," ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು. ಎರಡು ತಿಂಗಳು ಗ್ರೀಸು ತಿಂದಿದ್ದೇನೆ. ಲೋಟವನ್ನು ತೋರಿಸಿ, ಇದಕ್ಕಿಂತ ಸಮ ಈ ಭೂಮಿಯ ಮೇಲೆ ಇಲ್ಲ, ಸೊಟ್ಟ ಇರೋದು ನಿನ್ನ ತಲೆ ಅಂತ ಕೂಗಾಡಿದೆ. ಅವಳು ಕೂಗಲಿಲ್ಲ.

"ಲೋಟಕ್ಕೆ ನಿದ್ದೆ ಬೇಕಾಗಿಲ್ಲ ಕಣ್ರಿ. ನನಗೆ ಬೇಕು. ಇನ್ನೊಂದು ಗಳಿಗೆ ನೋಡ್ತೀನಿ, ಆಮೇಲೆ ಬಸ್ಸಿಗೆ ಬಿಟ್ಟುಬಿಡ್ರಿ." ಹಾಗಂದು ಗೋಡೆಯ ಕಡೆ ತಿರುಗಿಕೊಂಡಳು. ಅಳುತ್ತಿದ್ದಳು.

ನಾನು ಇಳಿದು ಹೋಗಿ ಎದುರಿನ ಕಟ್ಟೆಯ ಮೇಲೆ ಕೂತೆ. ನನ್ನ ಮೇಲೇ ನನಗೆ ಅಸಹ್ಯವಾಯಿತು. ಅಷ್ಟರಲ್ಲಿ ಅಡುಗೆಯವನು ಜಾಲರಿ ಸೌಟು ಹಿಡಿದುಕೊಂಡೇ ಬಂದು, "ನೂನೆ ಎಕ್ಕಡ ಸಾರ್?" ಅಂತ ತೆಲುಗಿನಲ್ಲಿ ಕೇಳಿದ. ಮದುವೆಗೆ ತಂದ ಎಣ್ಣೆ ಎಲ್ಲಿ ಅಂತ ಅವನ ಪ್ರಶ್ನೆ. ಬಸ್ಸಿನ ಕಾಲೊಳಗಿದೆ ಅಂತ ಯಾವ ಭಾಷೆಯಲ್ಲಿ ಹೇಳುವುದು? ಅಂಗಡಿಯಿಂದ ತರಿಸಿಕೊ ಅಂತ ನೋಟು ಕೊಟ್ಟು ಕಳಿಸಿ ಬಸ್ಸಿನ ಕಡೆ ತಿರುಗಿದೆ. ಮುದುಕಿಯ ಕುಂಟು ಆಡು ಡ್ರೈವರ್ ಕಡೆಯ ಮುಂದಿನ ಜಾಕಿನ ಬುಡದಲ್ಲಿ ನಿಂತು ಏನನ್ನೋ ನೆಕ್ಕುತ್ತಿತ್ತು. ವಾಷರ್ ಒಪ್ಪಿರಲಿಲ್ಲ. ಶೇಂಗಾ ಎಣ್ಣೆ ಸಣ್ಣಗೆ ಒಸರಿ ಜಾಕಿನ ಮೈಮೇಲೆ ಇಳಿಯುತ್ತಿತ್ತು, ಬಸ್ಸಿನ ಆ ಮೂಲೆ ಕಂಡೂ ಕಾಣದ ಹಾಗೆ ತಗ್ಗುತ್ತಿತ್ತು.

ಓಡಿ ಹೋಗಿ ಪಂಪಿಗೆ ಕೈ ಹಾಕಿದೆ. ಆಗ ಒಳಗಿನಿಂದ ಗೊರಕೆ ಕೇಳಿತು. ಮೂವತ್ತನಾಲ್ಕು ವರ್ಷ ಬೈದುಕೊಂಡು ಕೇಳಿದ ಗೊರಕೆ, ಗುರುತು ಹತ್ತದೇ ಇರುತ್ತದೆಯೇ? ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತು ಇಣುಕಿದೆ. ಲೋಟದ ನೀರು ತುಳುಕಿ ಡ್ರೈವರ್ ಸೀಟಿನ ಕೆಳಗೆ ಹರಿದಿತ್ತು. ಅವಳು ಬಾಯಿ ತೆರೆದುಕೊಂಡು, ನಮ್ಮ ನಡುಮನೆಯಲ್ಲಿ ಮಲಗುವ ಹಾಗೇ ಕೈ ಚಾಚಿಕೊಂಡು ಮಲಗಿದ್ದಳು. ನಾನು ಪಂಪು ಬಿಟ್ಟೆ. ಭಾರ ಚಕ್ರದ ಮೇಲೆ ಬಂದು ಬಸ್ಸು ಅಲ್ಲೇ ನಿಂತುಕೊಂಡಿತು, ಇನ್ನಷ್ಟು ತಗ್ಗಲಿಲ್ಲ.

ಆ ಸಂಜೆಯೆಲ್ಲ ನಾನು ಬಸ್ಸಿನ ಮುಂದೆ ಕಾವಲು ನಿಂತೆ. ವಾಲಗದವರನ್ನು ಹಿಂದಿನ ಬೀದಿಗೆ ಕಳಿಸಿದೆ. ಸೊಟ್ಟ ನಿಂತಿದೆ ನೋಡಿ ಅಂತ ಹೇಳಲು ಬಂದವರಿಗೆಲ್ಲ ಕೈ ಮುಗಿದೆ. ಆಡನ್ನು ಮಾತ್ರ ಓಡಿಸಲಿಲ್ಲ. ಸೋರಿದ್ದನ್ನು ತೋರಿಸಿಕೊಟ್ಟದ್ದಕ್ಕೆ ತನ್ನ ಕೂಲಿ ನೆಕ್ಕಲಿ ಅಂತ ಬಿಟ್ಟೆ. ಚಳ್ಳಕೆರೆಯ ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಆ ಸದ್ದಿಗೆ ನಾದಿನಿ ಹೊರಗೆ ಬಂದಳು, ನೇರ ನನ್ನ ಹತ್ತಿರ.

"ಹೋದ್ಳಾ, ಭಾವ?"

ನಾನು ಬಸ್ಸಿನ ಕಿಟಕಿ ತೋರಿಸಿದೆ. ಅವಳು ಪರದೆ ಸರಿಸಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಒಂದು ದಿಂಬು ತಂದು ನನ್ನ ಕೈಗೆ ಕೊಟ್ಟಳು. ಮಾರನೇ ದಿನ ನಸುಕಿನಲ್ಲಿ, ನನ್ನ ಹೆಂಡತಿ ತಲೆಗೆ ಬಟ್ಟೆ ಇಲ್ಲದೆ, ಹೂ ಮುಡಿದುಕೊಂಡು, ಚಪ್ಪರದ ನಡುವೆ ನಿಂತಿದ್ದಳು. ಹುಡುಗಿಯ ಅಪ್ಪ ಅಮ್ಮ ಧಾರೆ ಎರೆದ ಕೂಡಲೇ ನಾದಿನಿ ಹಾಲಿನ ಗಿಂಡಿಯನ್ನು ಬೇರೆ ಯಾರ ಕೈಗೂ ಕೊಡದೆ, "ಹಿಡ್ಕಳೇ ಅಕ್ಕ, ನೀನು ಎರಿ," ಅಂದಳು.

ಚಳ್ಳಕೆರೆಗೆ ಬಂದ ಮೇಲೆ ರಸಮಟ್ಟವನ್ನು ಗಾರೆಯವನಿಗೆ ವಾಪಸು ಕೊಡಬೇಕಾಗಿತ್ತು. ಕೊಡುವ ಮುಂಚೆ, ಯಾಕೋ, ನಡುಮನೆಯಲ್ಲಿ ಅವಳು ಚಾಪೆ ಹಾಸುವ ಜಾಗದಲ್ಲಿ ಇಟ್ಟೆ. ಗುಳ್ಳೆ ನೈಋತ್ಯದ ತುದಿಗೆ ಓಡಿ ಹೋಗಿ ಅಂಟಿಕೊಂಡಿತು. ರಸಮಟ್ಟ ಕೆಟ್ಟಿದೆ ಅಂದುಕೊಂಡು ಲೋಟದ ತುಂಬ ನೀರಿಟ್ಟೆ. ನೀರು ತುಳುಕಿ ಕಡಪ ಕಲ್ಲಿನ ಮೇಲೆ ಹರಿದು ಈಶಾನ್ಯದ ಮೂಲೆಗೆ ಹೋಗಿ ನಿಂತಿತು.

ಆಗ ನೆನಪಾಯಿತು. ಮದುವೆಯ ಹಿಂದಿನ ವರ್ಷ ಈ ಮನೆ ಕಟ್ಟುವಾಗ ನಮ್ಮಪ್ಪ ಗಾರೆಯವನ ಎದುರು ನಿಂತು, ವಾಸ್ತು ಪ್ರಕಾರ ಈಶಾನ್ಯ ತಗ್ಗಿರಬೇಕು, ಮನೆಯ ನೀರು ಆ ಮೂಲೆಗೇ ಹರಿಯಬೇಕು, ಎರಡು ಬೆರಳು ಇಳಿಸು ಅಂತ ಹಟ ಹಿಡಿದಿದ್ದ. ಆಗ ತಾನೇ ಕ್ರಾಫ್ಟ್ ಮೇಷ್ಟ್ರಾಗಿದ್ದ ನಾನು ಮೂಲೆಮಟ್ಟ ಹಿಡಿದುಕೊಂಡು, ನೆಲ ಅಂದ ಮೇಲೆ ಸಮ ಇರಬೇಕು ಅಂತ ಜಗಳವಾಡಿ, ಸೋತು, ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಮರೆತೇ ಹೋಗಿತ್ತು. ನನ್ನ ಹೆಂಡತಿ ಅಷ್ಟು ವರ್ಷ ಆ ಎರಡು ಬೆರಳಿನ ಮೇಲೆ ಮಲಗಿದ್ದಳು. ಮೊಳಕಾಲ್ಮುರಿನಲ್ಲಿ ಬಸ್ಸಿನ ಮೂತಿ ಉತ್ತರಕ್ಕೆ, ಡ್ರೈವರ್ ಕಡೆ ಪೂರ್ವಕ್ಕೆ, ಅಂದರೆ ಅಲ್ಲಿ ಸೋರಿದ ಮೂಲೆಯೂ ಈಶಾನ್ಯವೇ.

ಅವಳು ಅಡುಗೆಮನೆಯಿಂದ ಬಂದು ನೆಲ ಒದ್ದೆಯಾದದ್ದನ್ನು ನೋಡಿದಳು. ಏನು ಮಾಡುತ್ತಿದ್ದೀರಿ ಅಂತ ಕೇಳಿದಳು. ನೆಲ ಪರೀಕ್ಷೆ ಅಂದೆ.

"ಇದನ್ನೇನು ಪರೀಕ್ಷೆ ಮಾಡ್ತೀರಿ? ಇಂಥ ಸಮ ನೆಲ ಇನ್ನೆಲ್ಲೈತೆ?" ಅಂತ ಬಟ್ಟೆ ತಂದು ಒರೆಸಿದಳು. ನಾನು ಬಾಯಿ ಬಿಡಲಿಲ್ಲ. ನಿಜ ಗೊತ್ತಾದರೆ ಇರುವ ನಿದ್ದೆಯೂ ಹೋದೀತು ಅಂತ ಹೆದರಿಕೆ.

ಈಗ ತಿಂಗಳಿಗೊಮ್ಮೆ ತಂಗಿಯ ಮನೆಗೆ ಹೋಗುತ್ತೇವೆ. ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗೆ ಎರಡು ದಿನ ಇದ್ದು ಬಂದೆವು. ಜಾಕಿಗೆ ಸರಿಯಾದ ಎಣ್ಣೆ, ಹೊಸ ವಾಷರ್ ಹಾಕಿಸಿದ್ದೇನೆ. ಬಸ್ಸು ನಿಲ್ಲಿಸಿದ ಮೇಲೆ ಅವಳ ಎದುರಿಗೆ ಪಂಪು ಒತ್ತಿ, ಲೋಟವಿಟ್ಟು ತೋರಿಸುತ್ತೇನೆ. ಅವಳು ಚಾಪೆ ಬಿಡಿಸುವ ಹೊತ್ತಿಗೆ ಕೆಳಗಿಳಿದು, ಫೋನಿನಲ್ಲಿ ದಿಕ್ಕು ನೋಡಿಕೊಂಡು, ಈಶಾನ್ಯದ ಕಡೆಯ ವಾಲ್ವನ್ನು ಮೆಲ್ಲಗೆ ತಿರುಗಿಸಿ ಎರಡು ಬೆರಳು ಇಳಿಸುತ್ತೇನೆ. ಸಮ ಆಯ್ತಾ ಅಂತ ಅವಳು ಒಳಗಿನಿಂದ ಕೇಳುತ್ತಾಳೆ. ಆಯ್ತು, ಮಲಕ್ಕ ಅನ್ನುತ್ತೇನೆ.